ಸುಜಾತಾ ಮಾತಾಡಿದಂಗ

ಕೂಡ್ಲಿಗಿಯ ಒಂದು ಮನೆಯ ಸೊಸೆ ಸುಜಾತಾ. ದಿನಾ ಮಧ್ಯಾಹ್ನ ಎಲ್ಲರೂ ಮಲಗಿದಾಗ ಮೊಬೈಲಿನಲ್ಲಿ, ಹೆಸರು ಹಾಕದೆ, ಬ್ಲಾಗ್ ಬರೆಯುತ್ತಿದ್ದಳು. ಮೊದಮೊದಲು ಪೇಪರಿನ ಭಾಷೆಯಲ್ಲಿ ಹಬ್ಬ, ಪರಿಸರ ಅಂತ ಬರೆದಳು, ಯಾರೂ ಓದಲಿಲ್ಲ. ಒಂದು ದಿನ ಏನೂ ಹೊಳೆಯಲಿಲ್ಲ. ಬರೆಯುವುದು ತಪ್ಪಬಾರದೆಂದು, ಮಾತಾಡುವ ಹಾಗೆಯೇ ಬರೆದುಬಿಟ್ಟಳು: ‘ಮಾವ ಬಾಗಿಲದಾಗ ಕೆಮ್ಮಿದ್ರ ಸಾಕು, ನನ್ನ ಕೈಯಾಗಿನ ರೊಟ್ಟಿ ಅಲ್ಲೇ ನಿಂದ್ರತೈತಿ.’

ಅದು ಮೊಬೈಲಿಂದ ಮೊಬೈಲಿಗೆ ಹೋಗಿ ಗಂಡ ರಾಮಾಂಜನೇಯನ ವಾಟ್ಸಾಪಿಗೂ ಬಂತು. ಸಂಜೆ ಚಹಾ ಕುಡಿಯುತ್ತ ಅವನು ಅಪ್ಪ ಅವ್ವನ ಮುಂದೆ ನಗುತ್ತ ಓದಿದ. ಒಳಗೆ ಪಾತ್ರೆ ತೊಳೆಯುತ್ತಿದ್ದ ಸುಜಾತಾ ನೀರು ನಿಲ್ಲಿಸಿ ಕಿವಿಗೊಟ್ಟಳು.

“ಇದು ನಮ್ಮ ಸುಜಾತಾ ಮಾತಾಡಿದಂಗ ಐತಲ್ಲೋ!” ಎಂದಳು ಅತ್ತೆ ಅಂಜಿನಕ್ಕ.

ಓದು ನಿಂತಿತು. ಮಾವ ಅವಳನ್ನು ಪಡಸಾಲೆಗೆ ಕರೆದರು.

“ಏನವ್ವಾ, ನೀನೇನು ಬರದಾಕಿ?”

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

“ಹೂಂರಿ ಮಾವ, ನಾನೇರಿ.”

ಮಾವ ಅವಳ ಮುಖವನ್ನೇ ನೋಡಿದರು. ಚಹಾ ಅರ್ಧಕ್ಕೇ ಬಿಟ್ಟು ಎದ್ದು ಅಂಗಳಕ್ಕೆ ಹೋದರು. ಸಿಟ್ಟೋ ಬೇಸರವೋ ತಿಳಿಯಲಿಲ್ಲ.

“ಅಳಿಸಿಬಿಡು ಮೊದ್ಲು,” ಎಂದ ಗಂಡ.

“ಯಾಕ ಅಳಸಬೇಕು? ಅಕಿ ಸುಳ್ಳೇನು ಬರದಿಲ್ಲ,” ಎಂದಳು ಅಂಜಿನಕ್ಕ, ಹೊರಗೆ ಕೇಳದಷ್ಟು ಮೆಲ್ಲಗೆ. “ನಾನೂ ಇಷ್ಟು ವರ್ಷ ಅಂಜೀನಿ.”

ಮರುದಿನ ಮಧ್ಯಾಹ್ನ ಮಾವ ಮಲಗಲಿಲ್ಲ. ಪಕ್ಕದ ಕೋಣೆಯಲ್ಲಿ ಅವರು ಅತ್ತಿತ್ತ ಓಡಾಡುವುದು ಕೇಳುತ್ತಿತ್ತು. ಇವತ್ತೊಂದು ದಿನ ಬಿಟ್ಟರೆ ನಾಳೆಯೂ ಬಿಡುತ್ತೇನೆ ಅನ್ನಿಸಿತು ಸುಜಾತಾಳಿಗೆ. ಕದದ ಕಡೆ ಕಿವಿಯಿಟ್ಟುಕೊಂಡೇ ಶುರುಮಾಡಿದಳು: ‘ನಿನ್ನಿ ನಮ್ಮ ಮನ್ಯಾಗ ಎಲ್ಲಾರಿಗೂ ಗೊತ್ತಾತು.’