ಮಲ್ಲಣ್ಣನ ಗ್ಯಾಸಿನ ಗುಳಿಗಿ

ಇದು ದಂತಕಥೆಯಲ್ಲ, ದಂತದ ಕಥೆ. ದಂತಕಥೆಯಾಗಿದ್ದರೆ ನನ್ನನ್ನು ನಾನು ಇನ್ನಷ್ಟು ಚೆಂದ ಮಾಡಿಕೊಳ್ಳುತ್ತಿದ್ದೆ. ನಡೆದದ್ದಾದ್ದರಿಂದ ಇದ್ದಂತೆ ಹೇಳಬೇಕು.

ಕಲಬುರಗಿಯ ಒಂದು ಕಾಲೇಜಿನಲ್ಲಿ ನಾವು ದಂತ ಶುಚಿತ್ವದ ಡಿಪ್ಲೊಮಾ ಓದುತ್ತಿದ್ದೆವು. ಹಲ್ಲಿನ ಬುಡಕ್ಕೆ ಕಲ್ಲಿನಂತೆ ಕೂತ ಗಾರೆಯನ್ನು ವಸಡಿಗೆ ಗಾಯವಾಗದಂತೆ ಕೆರೆದು ತೆಗೆಯುವ ವಿದ್ಯೆ ಅದು. ಕಲ್ಲು ಊರಿನ ಹೆಸರಲ್ಲೇ ಇರುವಾಗ ಊರವರ ಹಲ್ಲಲ್ಲಿ ಇಲ್ಲದಿರುತ್ತದೆಯೇ? ಮೊದಲು ರಬ್ಬರ್ ಮುಖದ ಗೊಂಬೆಯ ಬಾಯಲ್ಲಿ ಕೈ ಪಳಗಬೇಕು. ಆಮೇಲೆ ಒಬ್ಬರ ಹಲ್ಲಿಗೊಬ್ಬರು ಕೆಂಪು ಬಣ್ಣ ಹಚ್ಚುವ ಪಾಠ. ಪಾಚಿ ಇರುವಲ್ಲಿ ಬಣ್ಣ ಹಿಡಿಯುತ್ತದೆ, ಇಲ್ಲದ ಕಡೆ ಬಾಯಿ ಮುಕ್ಕಳಿಸಿದರೆ ಹೋಗುತ್ತದೆ. ಆ ಪಾಠದ ದಿನ ನಾನು ಗೈರು. ಸಿಕ್ಕಿಬಿದ್ದರೆ ಪ್ರಿನ್ಸಿಪಾಲರ ದನಿಯಲ್ಲಿ ಮಾತಾಡಿ, ಎಲ್ಲರೂ ನಗುವಷ್ಟರಲ್ಲಿ ಜಾರಿಕೊಳ್ಳುತ್ತಿದ್ದೆ. ನಾನು ದರ್ಗಾದ ಪಕ್ಕದ ರೋಜಾ ಬಡಾವಣೆಯ ಹುಡುಗ. ದರ್ಗಾ ರಸ್ತೆಯ ಪಾನ್ ಅಂಗಡಿಗಳಿಗೂ ನನ್ನ ಹಲ್ಲುಗಳಿಗೂ ಇದ್ದ ದೋಸ್ತಿ ಬಯಲಾಗುವುದು ಬೇಕಿರಲಿಲ್ಲ.

ನನ್ನ ಅಣಕಕ್ಕೆ ನಗದವಳು ಒಬ್ಬಳೇ, ಗಾಜಿಪುರ ಓಣಿಯ ಪಂಚಶೀಲಾ.

ರೋಗಿಯ ಹಿಂದಿನ ಕಾಯಿಲೆಗಳನ್ನು ಕೇಳಿ ತಿಳಿಯುವ ಪಾಠದಲ್ಲಿ ಯಾವಾಗಲೂ ನಾನೇ ರೋಗಿ. ಒಂದು ದಿನ ಕೀರಲು ದನಿಯ ಅಜ್ಜಿ, ಇನ್ನೊಂದು ದಿನ ಗೊಗ್ಗರು ದನಿಯ ಲಾರಿ ಡ್ರೈವರ್. ಎಲ್ಲೋ ಒಂದು ಕಾಯಿಲೆ ಬಚ್ಚಿಟ್ಟಿರುತ್ತಿದ್ದೆ. ಪಂಚಶೀಲಾ ಕೇಳಿ ಕೇಳಿ ಅದನ್ನು ಹೊರಗೆಳೆಯುತ್ತಿದ್ದಳು.

"ದನಿ ಎಷ್ಟರ ಬದಲಿ ಮಾಡು ನೋಮಾನ್, ಸುಳ್ಳು ಹೇಳೋ ಮುಂದ ನಿನ್ನ ಎಡಗಣ್ಣು ಹಾರ್ತದ" ಎಂದಳು ಒಮ್ಮೆ, ತುಟಿಯಂಚು ಕೂಡ ಅಲುಗಿಸದೆ.

ಇವಳನ್ನು ಒಮ್ಮೆಯಾದರೂ ಏಮಾರಿಸಬೇಕು, ಒಮ್ಮೆಯಾದರೂ ನಗಿಸಬೇಕು ಎಂಬುದು ನನಗೆ ಹಟವಾಗಿಬಿಟ್ಟಿತು.

ಕೊನೆಯ ಪ್ರಾಯೋಗಿಕ ಪರೀಕ್ಷೆಗೆ ಗಾರೆ ಕಟ್ಟಿದ ಬಾಯೊಂದನ್ನು ನಾವೇ ಹುಡುಕಿ ತರಬೇಕು. ರೋಗಿ ಇಲ್ಲವೆಂದರೆ ಪರೀಕ್ಷೆ ಇಲ್ಲ. ಮಧ್ಯದ ಪರೀಕ್ಷೆಯಲ್ಲಿ ಪಂಚಶೀಲಾಳ ರೋಗಿ ಕೈಕೊಟ್ಟಿದ್ದ. ಅವಳು ಕೈಗವಸು ತೊಟ್ಟು ಖಾಲಿ ಕುರ್ಚಿಯ ಪಕ್ಕದಲ್ಲಿ ನಿಂತು ನಿಂತೇ ಸೊನ್ನೆ ತೆಗೆದುಕೊಂಡಿದ್ದಳು. ಇದೂ ತಪ್ಪಿದರೆ ವರ್ಷವೇ ಹೋಗುತ್ತಿತ್ತು; ಪಾಸಾದರೆ ಕೊಡುತ್ತೇವೆಂದು ಒಂದು ಕ್ಲಿನಿಕ್ಕಿನವರು ಹಿಡಿದಿಟ್ಟಿದ್ದ ಕೆಲಸವೂ ಹೋಗುತ್ತಿತ್ತು.

ಈ ಸಲ ಅವಳ ರೋಗಿ ಕಮಲಾಪುರದ ಮಲ್ಲಣ್ಣ. ಊರಿನ ಕೆಂಪು ಬಾಳೆಯ ತೋಟದವರು, ನಮ್ಮ ಕಾಲೇಜಿನ ಶಿಬಿರಕ್ಕೆ ಬಂದಿದ್ದರು. ಅವರ ಕೆಳಹಲ್ಲುಗಳ ಒಳಬದಿ ಕಂಡು ಪಂಚಶೀಲಾಳ ಕಣ್ಣು ತುಂಬುಗೊನೆ ಕಂಡ ವ್ಯಾಪಾರಿಯ ಕಣ್ಣಿನಂತೆ ಅರಳಿತ್ತು. ಏನಾದರೂ ಬ್ಯಾನಿ ಇದೆಯೇ ಎಂದು ಆಗಲೇ ಕೇಳಿದ್ದಳು. "ಕಲ್ಲಿನಂಗ ಅದೀನಿ ತಂಗಿ" ಎಂದಿದ್ದರು.

ನನ್ನ ಪರೀಕ್ಷೆ ಮರುದಿನ. ಹಾಗಾಗಿ ಮಲ್ಲಣ್ಣನನ್ನು ಬೈಕಿನಲ್ಲಿ ಕರೆತರುವ ಕೆಲಸ ನನ್ನದಾಯಿತು. ದಾರಿಯಲ್ಲಿ ಚಹಾಕ್ಕೆ ನಿಂತಾಗ ನನ್ನ ತಲೆಯೊಳಗಿನ ಹುಳ ಎದ್ದು ಕೂತಿತು.

"ಕಾಕಾ, 'ಏನರ ಗುಳಿಗಿ ತಗೋತೀರೇನು' ಅಂತ ಆಕಿ ಕೇಳ್ತಾಳ. 'ರಕ್ತ ತೆಳ್ಳಗ ಮಾಡೋ ಗುಳಿಗಿ ತಗೋತೀನಿ' ಅನ್ರಿ. ಆಕಿ ಮಾರಿ ಹೆಂಗಾಗ್ತದ ನೋಡ್ರಿ. ಆಮ್ಯಾಲ ನಾ ಬಂದು ಚ್ಯಾಷ್ಟಿ ಅಂತ ಹೇಳ್ತೀನಿ."

"ಪಾಪ, ಅತ್ತುಗಿತ್ತಾಳಲೇ."

"ಆಕಿ ನಗೂದೂ ಇಲ್ಲ, ಅಳೂದೂ ಇಲ್ರೀ."

ಮಲ್ಲಣ್ಣ ಆ ಮಾತನ್ನು ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಬಾಯಿಪಾಠ ಒಪ್ಪಿಸುತ್ತ ಬಂದರು.

ಪರೀಕ್ಷಕಿ ಬರುವುದು ಹತ್ತಕ್ಕೆ ಎಂದಿದ್ದರು. ಅಷ್ಟರೊಳಗೆ ಚೇಷ್ಟೆ ಮುಗಿಸುವ ನನ್ನ ಲೆಕ್ಕವೆಲ್ಲ ಅದರ ಮೇಲೇ ನಿಂತಿತ್ತು. ಆದರೆ ಮಲ್ಲಣ್ಣ ಕುರ್ಚಿಯಲ್ಲಿ ಒರಗಿ, ಪಂಚಶೀಲಾ ಪ್ರಶ್ನೆ ಶುರು ಮಾಡುವಾಗಲೇ ಮೈಸೂರಿನಿಂದ ಬಂದ ಆ ಮೇಡಂ ಸದ್ದಿಲ್ಲದೆ ಬಂದು ಅವಳ ಹಿಂದೆ ನಿಂತರು. ನಾನು ಬಾಗಿಲಲ್ಲಿ ನಿಂತು ಮಲ್ಲಣ್ಣನಿಗೆ ಕಣ್ಸನ್ನೆ ಮಾಡಿದೆ, ಕೈ ಬೀಸಿದೆ, ತಲೆ ಅಲ್ಲಾಡಿಸಿದೆ. ಅವರು ಅದನ್ನು ಹುರಿದುಂಬಿಸುವುದು ಅಂದುಕೊಂಡರು.

"ಏನರ ಗುಳಿಗಿ ತಗೋತೀರೇನ್ರಿ ಕಾಕಾ?"

"ರಕ್ತ! ತೆಳ್ಳಗ! ಮಾಡೋ ಗುಳಿಗಿ ತಗೋತೀನಿ ತಂಗಿ!"

ಪಂಚಶೀಲಾಳ ಕೈ ನಿಂತಿತು. ಮಾಸ್ಕಿನ ಮೇಲಿನ ಎರಡು ಕಣ್ಣುಗಳು ಖಾಲಿ ಕುರ್ಚಿ ನೋಡಿದಂತೆ ಮಲ್ಲಣ್ಣನನ್ನು ನೋಡಿದವು. ನಾನು ನೋಡಬೇಕೆಂದಿದ್ದ ಮುಖ ಇದೇ. ನೋಡಲಾಗಲಿಲ್ಲ.

"ಮೇಡಂ," ಎಂದಳು ಪರೀಕ್ಷಕಿಯ ಕಡೆ ತಿರುಗಿ, "ಇವರಿಗೆ ನಾ ಈಗ ಕೈ ಹಚ್ಚಂಗಿಲ್ಲ. ರಕ್ತ ಬಂದ್ರ ನಿಲ್ಲಂಗಿಲ್ಲ."

"ಚ್ಯಾಷ್ಟಿ ಮೇಡಂ!" ನಾನು ಒಳಗೆ ನುಗ್ಗಿದೆ. "ನಾನೇ ಹೇಳಿಕೊಟ್ಟೀನಿ. ಅವರಿಗೆ ಏನೂ ಇಲ್ರೀ."

"ಹೌದ್ರೀ ಯವ್ವಾ, ಈ ಹುಡುಗಂದೇ ಕಿತಾಪತಿ" ಎಂದು ಮಲ್ಲಣ್ಣ ಕೈಮುಗಿದರು. "ನಾ ಗಟ್ಟಿ ಅದೀನಿ. ಹೂಂ, ಕೆರಿ ತಂಗಿ."

ಮೇಡಂ ನನ್ನನ್ನು ನೋಡಿದ ನೋಟಕ್ಕೆ ಗೊಂಬೆಯ ರಬ್ಬರೂ ಕರಗುತ್ತಿತ್ತು. "ನಿಮ್ಮ ವಿಚಾರ ಆಮೇಲೆ" ಎಂದರು. ಪಂಚಶೀಲಾಳಿಗೆ, "ಸಮಯ ಹೋಗುತ್ತಿದೆ. ಶುರು ಮಾಡುವುದೋ ಬಿಡುವುದೋ, ನಿಮ್ಮ ತೀರ್ಮಾನ" ಎಂದರು.

ಅಕ್ಕಪಕ್ಕದ ಕುರ್ಚಿಗಳಲ್ಲಿ ಆಗಲೇ ಕೆರೆಯುವ ಸದ್ದು ಕೇಳುತ್ತಿತ್ತು. ಪಂಚಶೀಲಾ ಉಪಕರಣ ಎತ್ತಿಕೊಂಡಳು. ಉಂಗುರ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿದಳು. ಕೈ ಜಾರದಿರಲೆಂದು ನಮಗೆ ಮೊದಲ ದಿನವೇ ಕಲಿಸುವ ಆಸರೆ ಅದು. ಉಕ್ಕಿನ ತುದಿ ವಸಡಿನ ಹತ್ತಿರ ಹೋಯಿತು. ನಾನು ಉಸಿರು ಬಿಟ್ಟೆ.

ತುದಿ ಹಿಂದೆ ಬಂತು. ಮಲ್ಲಣ್ಣನ ಅಂಗಿಯ ಕಿಸೆಯಿಂದ ಏನೋ ಮಿನುಗುತ್ತಿದ್ದುದು ಅವಳ ಕಣ್ಣಿಗೆ ಬಿದ್ದಿತ್ತು.

"ಕಾಕಾ, ನಿಮ್ಮ ಕಿಸೇದಾಗ ಏನದ?"

"ಇದಾ? ಗ್ಯಾಸಿನ ಗುಳಿಗಿ. ದಿನಾ ಸಂಜಿಕ ನಮ್ಮಾಕಿ ಕೊಡ್ತಾಳ. ಇವತ್ತ ಹೊತ್ತಾದ್ರ ಅಂತ ಕಿಸೇಕ ಹಾಕ್ಯಾಳ."

"ತೋರಸ್ರಿ."

ಬರೀ ಬಾಯಿಮಾತು ನಂಬಬೇಡಿ, ಗುಳಿಗೆಯನ್ನೇ ತರಿಸಿ ನೋಡಿ ಎಂದು ನಮಗೆ ಹೇಳಿಕೊಟ್ಟಿದ್ದರು. ಆ ಪಾಠದ ದಿನ ನಾನು ಅಜ್ಜಿಯಾಗಿ ಕೆಮ್ಮುತ್ತಿದ್ದೆ. ಪಂಚಶೀಲಾ ಗುಳಿಗೆ ಪಟ್ಟಿಯ ಹಿಂಬದಿಯನ್ನು ಬೆಳಕಿಗೆ ಹಿಡಿದು ಓದಿದಳು. ನನಗೂ ಕಂಡಿತು: ವಾರ್ಫರಿನ್. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ.

ಚೇಷ್ಟೆಗೆಂದು ನಾನು ಕಟ್ಟಿದ ಸುಳ್ಳು ಅವರ ಕಿಸೆಯಲ್ಲಿ ನಿಜವಾಗಿ ಕೂತಿತ್ತು. ಅದನ್ನು ಸುಳ್ಳೆಂದು ಸಾರಿದವನೂ ನಾನೇ.

ಅವಳು ಮಲ್ಲಣ್ಣನ ಹೆಂಡತಿ ಅಂಬಮ್ಮನಿಗೆ ಫೋನ್ ಮಾಡಿದಳು. ಅತ್ತಲಿಂದ ಕೀರಲು ದನಿ ಕೇಳಿದ್ದೇ ತಟ್ಟನೆ ನನ್ನತ್ತ ನೋಡಿದಳು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದೆ. ಆಮೇಲೆಯೇ ಆ ದನಿಯನ್ನು ನಂಬಿದಳು.

"ಎದಿ ಬಡಿತ ಹದ ತಪ್ಯಾದ ಅಂತ ಡಾಕ್ಟರು ಹೇಳ್ಯಾರವ್ವ. ನಮ್ಮನಿಯವರು ಹೆದರತಾರ ಅಂತ ಗ್ಯಾಸ್ ಅಂದೀವಿ. ಮಕ್ಕಳಿಗೂ ಹಂಗೇ ಹೇಳೀವಿ" ಎಂದರು ಅಂಬಮ್ಮ.

"ಅವ್ವಾ, ಇದು ಅವರಿಗೆ ಗೊತ್ತಿರಬೇಕು. ನೀವೇ ಹೇಳ್ರಿ" ಎಂದು ಪಂಚಶೀಲಾ ಫೋನನ್ನು ಮಲ್ಲಣ್ಣನ ಕೈಗೆ ಕೊಟ್ಟಳು.

ಮಲ್ಲಣ್ಣ ಫೋನನ್ನು ಕಿವಿಗೊತ್ತಿ ಕೊನೆಯವರೆಗೂ ಕೇಳಿದರು. ಆಮೇಲೆ, "ಅಲ್ಲಾ, ಗ್ಯಾಸ್ ಅಂತ ನಾ ನಮ್ಮ ತ್ವಾಟದ ಬಾಳಿಹಣ್ಣು ಬಿಟ್ಟೀನಲ್ಲ, ಅದರ ಕತಿ ಏನು?" ಎಂದರು.

ಯಾರೂ ನಗಲಿಲ್ಲ. ಮೇಡಂ ಗುಳಿಗೆಯ ಪಟ್ಟಿಯನ್ನು ತಿರುಗಿಸಿ ನೋಡಿದರು. "ರಕ್ತಪರೀಕ್ಷೆಯಿಲ್ಲದೆ, ಅವರ ವೈದ್ಯರನ್ನು ಕೇಳದೆ ಇವರನ್ನು ಮುಟ್ಟುವಂತಿಲ್ಲ. ನೀವು ಮಾಡಿದ್ದು ಸರಿ. ಆದರೆ ಕೆಲಸ ನೋಡದೆ ನಾನು ಅಂಕ ಕೊಡಲಾರೆ. ಅರ್ಧ ಗಂಟೆಯಲ್ಲಿ ಬೇರೆ ರೋಗಿ ಸಿಗುತ್ತಾರೆಯೇ?"

ಅರ್ಧ ಗಂಟೆಯಲ್ಲಿ ಗಾರೆ ಕಟ್ಟಿದ ಬಾಯಿ ಎಲ್ಲಿ ಸಿಗಬೇಕು? ಗೆಳೆಯರೆಲ್ಲ ತಮ್ಮ ತಮ್ಮ ರೋಗಿಗಳಿಗೆ ಇನ್ನಷ್ಟು ಹತ್ತಿರ ಸರಿದು ನಿಂತರು. ಪಂಚಶೀಲಾ ಕುರ್ಚಿಯನ್ನು ನೋಡಿದಳು, ಗಡಿಯಾರವನ್ನು ನೋಡಿದಳು. ಆಮೇಲೆ ನಿಧಾನವಾಗಿ ನನ್ನನ್ನು ನೋಡಿದಳು.

"ನೋಮಾನ್. ಕೂಡು."

"ನನ್ನ ಹಲ್ಲಾಗ ಏನೂ ಇಲ್ಲ..."

"ಎಡಗಣ್ಣು ಹಾರಾಕತ್ತದ."

ಕೂತೆ. ಗುಳಿಗೆ, ಕಾಯಿಲೆ, ಪಾನ್, ಎಲ್ಲವನ್ನೂ ಕೇಳಿದಳು. ಹುಟ್ಟಿದಾಗಿನಿಂದ ಮೊದಲ ಸಲ ಎಲ್ಲಕ್ಕೂ ನನ್ನ ಸ್ವಂತ ದನಿಯಲ್ಲಿ ನಿಜ ಹೇಳಿದೆ. ಬಣ್ಣ ಹಚ್ಚಿ, ಮುಕ್ಕಳಿಸಲು ಹೇಳಿ, ಕೈಗೆ ಕನ್ನಡಿ ಕೊಟ್ಟಳು. ಬಿಳಿಯೆಂಬುದು ಬಾಯಲ್ಲಿ ಎಲ್ಲೂ ಇರಲಿಲ್ಲ.

"ನಮ್ಮ ತ್ವಾಟದ ಬಾಳಿಹಣ್ಣು!" ಎಂದರು ಪಕ್ಕದ ಸ್ಟೂಲಿನಲ್ಲಿ ಕೂತ ಮಲ್ಲಣ್ಣ. ಇಡೀ ಕೋಣೆ ನಕ್ಕಿತು. ಪಂಚಶೀಲಾ ನಗಲಿಲ್ಲ. ಬೆರಳು ಊರಿ ಕೆಲಸ ಶುರು ಮಾಡಿದಳು. ಹಲ್ಲಿನಿಂದ ಹಲ್ಲಿಗೆ, ಒಳಗೆ, ಹೊರಗೆ. ಕಲ್ಲು ಚೂರುಚೂರಾಗಿ ನಾಲಿಗೆಗೆ ಉದುರುವುದು ನನಗೇ ಗೊತ್ತಾಗುತ್ತಿತ್ತು. ಅವಳ ಹಣೆಯ ಬೆವರು ಹುಬ್ಬಿನಲ್ಲಿ ಬಂದು ನಿಂತಿತ್ತು. ನಾನು "ಆ... ಆ..." ಎಂದು ನರಳಿದರೂ ಕೈ ಮಾತ್ರ ಅಲುಗಲಿಲ್ಲ.

ಮೇಡಂ ಗಾರೆ ಉಳಿದಿದೆಯೇ ಎಂದು ತಡಕುವ ಕಡ್ಡಿ ಹಿಡಿದು ನನ್ನ ಬಾಯನ್ನು ಸುತ್ತಿ ಬಂದರು. ಒಂದು ಕಡೆ ನಿಂತರು. ಮತ್ತೆ ಮುಟ್ಟಿದರು.

"ಎಲ್ಲೂ ತಡೆಯುತ್ತಿಲ್ಲ" ಎಂದರು. "ಪಾಸ್."

ಪಂಚಶೀಲಾ ಮಾಸ್ಕ್ ಇಳಿಸಿ ಗೋಡೆಗೊರಗಿದಳು. ಆಗ ಮಲ್ಲಣ್ಣ ಸ್ಟೂಲಿನಲ್ಲಿಯೇ ಹಿಂದಕ್ಕೆ ವಾಲಿ, ಬಾಯಿ ಅಗಲಿಸಿ, ಕಣ್ಣು ಗರಗರ ತಿರುಗಿಸುತ್ತ ನರಳಿದರು: "ಆ... ಆ... ಮೆಲ್ಲಕ ಪಂಚಶೀಲಾ... ಆ..." ನನ್ನದೇ ದನಿ. ಎಡಗಣ್ಣು ಸಹ ಹಾರುತ್ತಿತ್ತು.

ಮೊದಲು ನಕ್ಕವರು ಮೇಡಂ. ಆಮೇಲೆ ಗೆಳೆಯರು, ಅವರ ರೋಗಿಗಳು. ನಾನು ಮುಖ ಊದಿಸಿಕೊಂಡು ಕೂತಿದ್ದೆ. ಅಷ್ಟರಲ್ಲಿ ಗೋಡೆಯ ಕಡೆಯಿಂದ, ಎರಡು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರದ, ನನ್ನಿಂದ ಎಂದೂ ಅನುಕರಿಸಲಾಗದ ಒಂದು ದೊಡ್ಡ ನಗು ಎದ್ದಿತು. ಪಂಚಶೀಲಾ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕುಸಿದು ಕೂತಿದ್ದಳು. ಉಳಿದವರೆಲ್ಲ ಸುಮ್ಮನಾದ ಮೇಲೂ ಅವಳು ನಗುತ್ತಲೇ ಇದ್ದಳು.