ಮೂಗು ಸೋರುವ ಗೊಂಬೆ

ನಮ್ಮತ್ತೆ ಗಿರಿಜವ್ವನವರಿಗೆ ಹೊಗಳಿ ಅಭ್ಯಾಸವಿಲ್ಲ. ಯೂಟ್ಯೂಬ್ ನೋಡಿ ಕಲಿತು, ಆನ್‌ಲೈನಿನಲ್ಲಿ ಮಣ್ಣು ತರಿಸಿ, ನಾನು ಮೊದಲ ಸಲ ಮಾಡಿದ ಎಳೆಗೂಸಿನಳತೆಯ ಗೊಂಬೆ ನೋಡಿ, "ಮಾರಿ ಮ್ಯಾಲ ಜೀವಾನ ಇಲ್ಲಲ್ಲ," ಎಂದರು. ಮುಖಕ್ಕೆಲ್ಲ ವಾರ್ನಿಶ್ ಬಳಿದೆ. "ಈಗ ಎಣ್ಣಿ ಹಚ್ಚಿದ ಬದನಿಕಾಯಿ ಆತು," ಎಂದರು. ಕೊನೆಗೆ ಅಪ್ಪಣೆಯೂ ಆಯಿತು. "ಇನ್ನೊಂದು ಮಾಡು. ಅದೂ ಹಿಂಗ ಜೀವ ಇಲ್ಲದ್ದು ಕಂಡ್ರ ನಿನ್ನ ಬಣ್ಣ, ಬ್ರಶ್ಶು, ಗೊಂಬಿ ಎಲ್ಲಾ ದನದ ಶೆಡ್ಡಿಗೆ. ಇಂಥಾದ್ದು ಮನ್ಯಾಗ ಇರಬಾರದು."

ಆ ಶೆಡ್ಡಿನ ಧೂಳಿನಲ್ಲಿ ವಾರ್ನಿಶ್ ಕೆಲಸ ಆಗುವ ಮಾತೇ ಅಲ್ಲ. ನನಗೂ ಹಟ ಬಂತು.

ಪಕ್ಕದ ಮನೆಯ ಸಾರಿಕಾ ಕಾಗವಾಡದ ಸಂತೆಗೆ ಹೋಗುವಾಗೆಲ್ಲ ತನ್ನ ಎಳೆಗೂಸನ್ನು ನಮ್ಮ ತೊಟ್ಟಿಲಲ್ಲಿ ಬಿಟ್ಟು ಹೋಗುತ್ತಾಳೆ. ಅದರ ಮುಖವನ್ನೇ ನೋಡುತ್ತ ಕೂತೆ. ಕೂಸಿನ ಕೆನ್ನೆ ಹೊಳೆಯುವುದೇ ಇಲ್ಲ! ಹೊಳೆಯುವುದು ಕೆಳತುಟಿ, ಕಣ್ಣಿನ ಮೂಲೆ, ಮೂಗಿನ ಕೆಳಗೆ ಒಂದಿಷ್ಟು. ಹೊಸ ಗೊಂಬೆಗೆ ಅಲ್ಲಷ್ಟೇ ಸಣ್ಣ ಬ್ರಶ್ಶಿನಿಂದ ವಾರ್ನಿಶ್ ಇಟ್ಟೆ, ಒಣಗಿದ ಮೇಲೆ ಮತ್ತೊಮ್ಮೆ ಇಟ್ಟೆ. ಉಗಾರದ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳ ಧೂಳು ಹಸಿ ವಾರ್ನಿಶ್ ಮೇಲೆ ಕೂರದಿರಲೆಂದು ಗೊಂಬೆಯನ್ನು ಖಾಲಿಯಿದ್ದ ತೊಟ್ಟಿಲಲ್ಲಿ ಮಲಗಿಸಿ, ತಲೆಗೆ ಕುಲಾಯಿ ಕಟ್ಟಿ, ಸೊಳ್ಳೆ ಪರದೆ ಇಳಿಬಿಟ್ಟು, ಬಟ್ಟೆ ಒಗೆಯಲು ಹಿತ್ತಲಿಗೆ ಹೋದೆ.

"ರೂಪಾಲೀ! ಎಲ್ಲಿ ಹೋದಿ ಬೇ? ಸಾರಿಕಾನ ಕೂಸಿನ ಮೂಗು ಸೋರಾಕತ್ತೈತಿ, ನೋಡಾವರ ದಿಕ್ಕಿಲ್ಲ!"

ಓಡಿ ಬಂದೆ. ಹೊಲದಿಂದ ಆಗಷ್ಟೇ ಬಂದ ಅತ್ತೆ ತೊಟ್ಟಿಲಿಗೆ ಬಗ್ಗಿ, ಸೆರಗಿನ ತುದಿಯಿಂದ ಗೊಂಬೆಯ ಮೂಗು ಒರೆಸುತ್ತಿದ್ದರು. ವಾರ್ನಿಶ್ ಕೆನ್ನೆಯವರೆಗೂ ಹರಡಿತ್ತು. ನನ್ನ ಮೈಯೆಲ್ಲ ಉರಿದುಹೋಯಿತು.

"ಬಿಡ್ರಿ ಅತ್ತೀ! ಅದು ನನ್ನ ಗೊಂಬಿರೀ!"

ಸೆರಗು ಗೊಂಬೆಯ ಮೂಗಿಗೆ ಅಂಟಿಕೊಂಡಿತ್ತು. ಅತ್ತೆ ಅದನ್ನು ಬಿಡಿಸಿ ಮೂಸಿ ನೋಡಿದರು, ಗೊಂಬೆಯ ಕೆನ್ನೆ ಮುಟ್ಟಿ ನೋಡಿದರು. ಅವರ ಮುಖ ನೋಡಿದ್ದೇ ತಡ, ನನ್ನ ಸಿಟ್ಟೆಲ್ಲ ಇಳಿದು ನಗು ಉಕ್ಕಿ ಬಂತು. ಅಷ್ಟು ಖುಷಿ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಆದರೆ ಅತ್ತೆ ಸೋತೆ ಎನ್ನುವ ಪೈಕಿಯೇ ಅಲ್ಲ, ಗೊಂಬೆಯ ಕುಲಾಯಿ ಸರಿಮಾಡುತ್ತ ನಿಂತರು.

"ಹಂಗಾರ ಇದನ್ನ ದನದ ಶೆಡ್ಡಿಗೆ ಒಯ್ಲೇನ್ರಿ?" ಎಂದು ಬೇಕೆಂದೇ ಕೇಳಿದೆ.

"ನಿನಗೇನ ತಲಿ ಕೆಟ್ಟೈತೇನ?" ಎನ್ನುತ್ತ ಅತ್ತೆ ಪರದೆ ಇಳಿಸಿದರು. "ನೆಗಡಿ ಆದ ಕೂಸಿನ್ನ ಯಾರರ ಹೊರಗ ಹಾಕ್ತಾರೇನ?"