ಕೆಂಡಮಲ್ಲನ ಮುಖ

ಮಗಳ ಸಿನಿಮಾ ನೋಡಲು ನಾಗಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಂಡತಿ ಸಿದ್ದಮ್ಮನ ಜೊತೆ ಕಮಲಾಪುರದಲ್ಲಿ ಕಲಬುರಗಿಯ ಬಸ್ಸು ಹತ್ತಿದ. ಅರ್ಧ ದಾರಿಯಲ್ಲಿ ಯಾರೋ ಒಬ್ಬ ಒದ್ದೆ ಚೀಲವನ್ನು ತಂದು ಅವನ ಕಾಲ ಮೇಲೆಯೇ ಇಟ್ಟ. ನಾಗಣ್ಣ ಹೆಗಲ ಮೇಲಿನ ಟವೆಲ್ ಸರಕ್ಕನೆ ಎಳೆದು ಬಲಗೈಗೆ ಸುತ್ತಿಕೊಂಡ. ಎಡಹುಬ್ಬು ಮೇಲೇರಿತು. ಅವನು ಒದರಿದ ರಭಸಕ್ಕೆ ಡ್ರೈವರ್ ಕೂಡ ಕನ್ನಡಿಯಲ್ಲಿ ಹಿಂದೆ ನೋಡಿದ. ಎರಡು ನಿಮಿಷ ಕಳೆಯುವಷ್ಟರಲ್ಲಿ ಸಿಟ್ಟೆಲ್ಲ ಇಳಿದಿತ್ತು. ಅದೇ ಚೀಲದವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವೂರು, ಎಷ್ಟು ಮಕ್ಕಳು ಎಂದು ವಿಚಾರಿಸತೊಡಗಿದ. ಚೀಲದವನು ಮಾತ್ರ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು, ಮುಂದಿನ ಸ್ಟಾಪಿನಲ್ಲೇ ಇಳಿದುಹೋದ.

"ನನ್ನ ಸಿಟ್ಟು ಹಿಂಗ ಬರ್ತದ, ಹಂಗ ಹೋಗ್ತದ. ಮನಸ್ನ್ಯಾಗ ಇಟ್ಕೊಳ್ಳೂ ಮನಷಾ ಅಲ್ಲ ನಾ" ಎಂದು ನಾಗಣ್ಣ ಊರೆಲ್ಲ ಹೇಳಿಕೊಳ್ಳುತ್ತಿದ್ದ. ಅದು ಸುಳ್ಳಲ್ಲ. ಮೂರು ಎಕರೆ ಕೆಂಪು ಬಾಳೆಯ ತೋಟ, ಆರಡಿ ಎತ್ತರ, ಹರೆಯದಲ್ಲಿ ಕುಸ್ತಿ ಆಡಿದ ಮೈ. ಹೆಂಡತಿಯ ಮೇಲಾಗಲಿ ಮಗಳ ಮೇಲಾಗಲಿ ಒಂದು ದಿನವೂ ಕೈ ಎತ್ತಿದವನಲ್ಲ. ತಟ್ಟೆ, ಕುರ್ಚಿ, ಒಮ್ಮೆ ಹಿತ್ತಲ ಬಾಗಿಲು, ಮುರಿದದ್ದು ಇಷ್ಟೇ.

ಒಬ್ಬಳೇ ಮಗಳು ಅಂಬಿಕಾ ಕಲಬುರಗಿಯಲ್ಲಿ ಚಿತ್ರಕಲೆ ಓದಿ, ಬ್ರಹ್ಮಪುರದ ಒಂದು ಮನೆಯ ಮಾಳಿಗೆಯ ಮೇಲಿದ್ದ ಪುಟ್ಟ ಸ್ಟುಡಿಯೋ ಸೇರಿದ್ದಳು. ಗುಫ್ರಾನ್ ಎಂಬ ಹುಡುಗನ ಮುಂದಾಳತ್ವದಲ್ಲಿ ಆರು ಮಂದಿ ಸೇರಿ, ಎರಡು ವರ್ಷ ಕೂತು ಒಂದು ಕಾರ್ಟೂನ್ ಸಿನಿಮಾ ಮಾಡಿದ್ದರು. ಹಳೇ ಕಾಲದ ಗರಡಿಮನೆಗಳ ಕಥೆ, ಕುಸ್ತಿ, ದೊಣ್ಣೆವರಸೆ. ಅದರಲ್ಲಿ ಕೆಂಡಮಲ್ಲ ಎಂಬ ಖಳನಾಯಕ. "ಅವನ ಚಿತ್ರ ಪೂರಾ ನಾನೇ ತೆಗ್ದೀನಪ್ಪಾ" ಎಂದು ಫೋನಿನಲ್ಲಿ ಹೇಳಿದ್ದವಳು, ಸಿನಿಮಾ ತೋರಿಸುವ ದಿನ ಗೊತ್ತಾದ ಮೇಲೆ ಯಾಕೋ ಹಿಂಜರಿದಿದ್ದಳು. "ಬಸ್ಸಿನ್ಯಾಗ ಯಾಕ ತ್ರಾಸ ತಗೋತೀರಿ? ನಾನೇ ಊರಿಗೆ ಬಂದು ಮೊಬೈಲಿನ್ಯಾಗ ತೋರಸ್ತೀನಿ." ನಾಗಣ್ಣ ಕೇಳಲಿಲ್ಲ.

ಶರಣಬಸವೇಶ್ವರ ಗುಡಿಯ ಹತ್ತಿರದ ಸಭಾಂಗಣದಲ್ಲಿ ಕಾಲೇಜು ಹುಡುಗರು ಕಿಕ್ಕಿರಿದಿದ್ದರು. ಅಂಬಿಕಾ ಅಪ್ಪ ಅವ್ವನನ್ನು ಮೂರನೇ ಸಾಲಿನಲ್ಲಿ ಕೂರಿಸಿದಳು. ನೀರಿನ ಬಾಟಲಿ ಕೊಟ್ಟು, ಅಪ್ಪನ ಮುಖ ನೋಡದೆ ವೇದಿಕೆಯ ಕಡೆ ಹೋದಳು.

ದೀಪ ಆರಿತು. ಕೆಂಡಮಲ್ಲ ಬಂದ. ಒಂದೇ ಏಟಿಗೆ ಕೋಟೆಯ ಬಾಗಿಲು ಕೆಡವಿದ. ಮೊದಲ ಗರಡಿಯ ಉಸ್ತಾದನನ್ನು ಎತ್ತಿ ಎಸೆದ, ಎರಡನೆಯವನನ್ನು ನೆಲಕ್ಕೆ ಒತ್ತಿದ. ಅವನ ಮುಂದೆ ನಿಲ್ಲುವ ಗಂಡಸೇ ಆ ಸೀಮೆಯಲ್ಲಿರಲಿಲ್ಲ. ಹುಡುಗರು ಸಿಳ್ಳೆ ಹೊಡೆದರು. "ಭಲೇ!" ಎಂದು ನಾಗಣ್ಣನೂ ತೊಡೆ ತಟ್ಟಿದ. ತನ್ನ ಮಗಳು ತೆಗೆದ ಚಿತ್ರ ಹೀಗೆ ಎದ್ದು ಕುಣಿಯುತ್ತಿದೆಯಲ್ಲ ಎಂದು ಅವನ ಎದೆ ಉಬ್ಬಿತು.

ಮೂರನೇ ಗರಡಿಯ ಹೊತ್ತಿಗೆ ಅವನಿಗೆ ಏನೋ ಇರಿಸುಮುರಿಸಾಯಿತು. ಕೆಂಡಮಲ್ಲ ಪ್ರತಿ ಸಲ ಕೈ ಎತ್ತುವ ಮುಂಚೆ ಹೆಗಲ ಮೇಲಿನ ಶಲ್ಯವನ್ನು ಸರಕ್ಕನೆ ಎಳೆದು ಬಲಗೈಗೆ ಸುತ್ತಿಕೊಳ್ಳುತ್ತಿದ್ದ. ಎಡಹುಬ್ಬು ಮೇಲೇರುತ್ತಿತ್ತು. ಆಮೇಲೆ ಒಂದು ಕ್ಷಣ ಎಲ್ಲ ಸದ್ದೂ ನಿಲ್ಲುತ್ತಿತ್ತು, ಮರದ ಹಕ್ಕಿಗಳದ್ದೂ. ಆಮೇಲೆ ಆ ಗರ್ಜನೆ. ಎಲ್ಲಿ ನೋಡಿದ್ದೇನೆ ಇದನ್ನು ಎಂದು ನಾಗಣ್ಣ ಯೋಚಿಸುತ್ತಿರುವಾಗ ಸಿದ್ದಮ್ಮ ಅವನ ಕಡೆ ಒಮ್ಮೆ ನೋಡಿ, ಥಟ್ಟನೆ ಮುಖ ತಿರುಗಿಸಿಕೊಂಡಳು. ಅವನ ಕೈ ತಾನಾಗಿ ಹೆಗಲ ಮೇಲಿನ ಟವೆಲ್ಲಿಗೆ ಹೋಯಿತು. ಮುಟ್ಟಿದ ಕೂಡಲೇ ಬಿಸಿ ಹೆಂಚು ಮುಟ್ಟಿದವನಂತೆ ಬಿಟ್ಟುಬಿಟ್ಟ.

ಮುಂದಿನ ದೃಶ್ಯದಲ್ಲಿ ಉಸ್ತಾದನ ಪುಟ್ಟ ಮಗಳು ಮಂಚದ ಕೆಳಗೆ ಅಡಗಿದ್ದಳು. ಅಲ್ಲಿಂದ ಅವಳಿಗೆ ಕಂಡಂತೆ ಕೆಂಡಮಲ್ಲ ಕಂಡ: ತೊಲೆಗೆ ತಾಗುವ ತಲೆ, ಗುಡ್ಡದಂಥ ಮುಷ್ಟಿ, ಬಾವಿಯಂತೆ ತೆರೆದ ಬಾಯಿ. ಅಂಬಿಕಾ ಐದು ವರ್ಷದವಳಿದ್ದಾಗ ಎಷ್ಟೋ ಸಲ ಮಂಚದ ಕೆಳಗೆ ಮಲಗಿರುತ್ತಿದ್ದಳು. ಕೂಸಿಗೆ ಅಲ್ಲೇ ತಂಪು ಎಂದು ನಾಗಣ್ಣ ನಗುತ್ತ ಎಳೆದು ಎತ್ತಿಕೊಳ್ಳುತ್ತಿದ್ದ.

ಸಿನಿಮಾ ಮುಗಿಯಿತು. ಕೊನೆಗೂ ಕೆಂಡಮಲ್ಲನನ್ನು ಯಾರೂ ಹೊಡೆದು ಸೋಲಿಸಲಿಲ್ಲ. ತಾನೇ ಕೆಡವಿದ ಕೋಟೆಯ ಕಲ್ಲುಗಳ ಕೆಳಗೆ ಅವನು ಹೂತುಹೋದ. ಚಪ್ಪಾಳೆಯ ನಡುವೆ ಒಬ್ಬ ಹುಡುಗಿ ಎದ್ದು ಕೇಳಿದಳು: "ಕೆಂಡಮಲ್ಲನ ಸಿಟ್ಟು ಅಷ್ಟು ಖರೇ ಅನ್ನೂಹಂಗ ಹ್ಯಾಂಗ ಬಂತ್ರೀ?"

ವೇದಿಕೆಯ ಮೇಲಿದ್ದ ಅಂಬಿಕಾ ಮೂರನೇ ಸಾಲಿನ ಕಡೆ ನೋಡಲಿಲ್ಲ. "ಹುಲಿ ವಿಡಿಯೋ ಬಾಳ ನೋಡಿದೆ" ಎಂದಳು. ಎಲ್ಲರೂ ನಕ್ಕರು.

ಹೊರಗೆ ಚಹಾದಂಗಡಿಯ ಮುಂದೆ ನಿಂತಾಗ ನಾಗಣ್ಣನ ಕಿವಿ ಬಿಸಿಯಾಗಿತ್ತು. ಊರ ಮುಂದೆ ಮರ್ಯಾದೆ ಕಳೆದಳಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಮಗಳು ಒಂದು ಹೆಜ್ಜೆ ಹಿಂದೆ, ಅವ್ವನ ಮಗ್ಗುಲಿಗೆ ಸರಿದು ನಿಂತದ್ದನ್ನು ಅವನು ಕಂಡ. ಇಪ್ಪತ್ತಾರು ವರ್ಷದ ಮಗಳು.

"ಅಂವ ನಾನೇ ಏನು?" ಎಂದ, ಮೆಲ್ಲಗೆ.

ಅಂಬಿಕಾಳ ಕಣ್ಣು ತುಂಬಿತು. "ಬೇಕಂತ ಮಾಡಿಲ್ಲಪ್ಪಾ, ನಿನ್ನಾಣಿ. ಮೊದಲು ಏನೇನರೆ ತೆಗದೆ, ಯಾವುದೂ ಸರಿ ಬರಲಿಲ್ಲ. ಆಮ್ಯಾಲ ಕೈ ತಾನಾಗೇ ಹೋತು. ಸಿಟ್ಟು ಅಂದ್ರ ನಂಗ ಗೊತ್ತಿರೂದು ಅದೊಂದೇ."

ಸಿದ್ದಮ್ಮ ಚಹಾ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಇಪ್ಪತ್ತೆಂಟು ವರ್ಷ ಬಾಳುವೆ ಮಾಡಿದವಳು ಆ ಮಾತಿಗೆ ಇಲ್ಲ ಎನ್ನಲಿಲ್ಲ. ಅದು ಅವನಿಗೆ ಹೆಚ್ಚು ನಾಟಿತು.

"ನಂಗ ಇನ್ನೊಮ್ಮೆ ತೋರ್ಸು" ಎಂದ.

ಸಂಜೆ ಬ್ರಹ್ಮಪುರದ ಮಾಳಿಗೆಯ ಕೋಣೆಯಲ್ಲಿ ಗುಫ್ರಾನ್ ಕುರ್ಚಿ ಕೊಟ್ಟು, "ಕೂಡ್ರಿ ಕಾಕಾ" ಎಂದು ಹೇಳಿ ಹೊರಗೆ ಹೋದ. ಅಂಬಿಕಾ ಕಂಪ್ಯೂಟರಿನಲ್ಲಿ ಆ ಮಂಚದ ದೃಶ್ಯವನ್ನು ಒಂದೊಂದೇ ಚಿತ್ರವಾಗಿ ಬಿಡಿಸಿ ತೋರಿಸಿದಳು. ನಾಗಣ್ಣ ಕನ್ನಡಿಯಲ್ಲಿ ದಿನಾ ಮುಖ ನೋಡಿಕೊಂಡವನು, ಆದರೆ ಕ್ಷೌರಕ್ಕೆ ಕೂತ ಮುಖವನ್ನು. ಈ ಮುಖ ಉಳಿದವರೆಲ್ಲ ನೋಡಿದ್ದು, ಅವನೊಬ್ಬನೇ ನೋಡಿರಲಿಲ್ಲ.

"ತಡಿ. ಹಿಂದ ಹೋಗು. ಹಾಂ, ಇದು." ಗರ್ಜನೆಗೆ ತುಸು ಮುಂಚಿನ ಚಿತ್ರ. ಹುಬ್ಬು ಏರಿತ್ತು, ಆದರೆ ಅದರ ಕೆಳಗಿನ ಕಣ್ಣು ಬೇರೆಯೇ ಇತ್ತು. "ಇಲ್ಲಿ ಅಂವ ಅಂಜ್ಯಾನಲ್ಲ?"

"ಹೌದು. ಎರಡೇ ಚಿತ್ರ. ಯಾರ ಕಣ್ಣಿಗೂ ಬೀಳಂಗಿಲ್ಲ." ಅಂಬಿಕಾ ಅಪ್ಪನ ಕಡೆ ತಿರುಗಿದಳು. "ನಾ ಬಾವಿ ಕಟ್ಟಿ ಮ್ಯಾಲ ಹತ್ತಿದಾಗ ಹ್ಯಾಂಗ ಒದರಿದ್ದಿ, ನೆನಪದ ಏನು? ಅವ್ವಗ ಜ್ವರ ಇಳೀಲಿಲ್ಲಂತ ತಟ್ಟಿ ಒಗದಿದ್ದಿ. ನೀ ಅಂಜಿದಾಗೇ ಒದರ್ತೀಯಪ್ಪಾ. ನಂಗ ದೊಡ್ಡಾಕಿ ಆದಮ್ಯಾಲ ತಿಳೀತು. ಸಣ್ಣಾಕಿ ಇದ್ದಾಗ ತಿಳೀಲಿಲ್ಲ."

ನಾಗಣ್ಣ ಬಹಳ ಹೊತ್ತು ಆ ಕಣ್ಣನ್ನು ನೋಡುತ್ತ ಕೂತ. ಏಳುವಾಗ ಮಗಳ ತಲೆಯ ಮೇಲೆ ಕೈ ಇಟ್ಟು, "ಚಂದ ತೆಗ್ದಿ" ಎಂದ. ಅವಳು ಆ ಕೈಯನ್ನು ಹಿಡಿದುಕೊಂಡು ಜೋರಾಗಿ ಅತ್ತಳು.

ಇಷ್ಟಕ್ಕೇ ನಾಗಣ್ಣ ಸಾಧುವಾದ ಎಂದು ತಿಳಿಯಬೇಡಿ. ಊರಿಗೆ ಬಂದ ಮೂರನೇ ದಿನವೇ ಲೈನ್‌ಮನ್ ಜೊತೆ ಜಗಳ ಮಾಡಿದ. ಅರ್ಧದಲ್ಲಿ ನಿಲ್ಲಿಸಿ ಮನೆಗೆ ಬಂದದ್ದೇ ಸಿದ್ದಮ್ಮನಿಗೆ ದೊಡ್ಡ ಸುದ್ದಿಯಾಯಿತು.

ಹದಿನೈದು ದಿನದ ಮೇಲೆ ಒಂದು ಬೆಳಿಗ್ಗೆ ತೋಟದಲ್ಲಿ ನಬಿಸಾಬ್ ಟೆಂಪೋಗೆ ಬಾಳೆಗೊನೆ ಏರಿಸುತ್ತಿದ್ದ. ಅರವತ್ತು ದಾಟಿದ ಆಳು, ತೋಟ ಹಾಕಿದಾಗಿನಿಂದ ಜೊತೆಗಿದ್ದವನು. ಹಗ್ಗ ಜಾರಿ ಆರೇಳು ಗೊನೆಗಳು ಧಡಧಡನೆ ನೆಲಕ್ಕೆ ಬಿದ್ದವು. ಹದಿನೆಂಟು ತಿಂಗಳು ಕಾದು ಬೆಳೆಸಿದ ಹಣ್ಣು.

"ಏ ನಬೀ!" ಎಂದು ನಾಗಣ್ಣ ಗಂಟಲು ಹರಿಯುವಂತೆ ಒದರಿದ. ನಬಿಸಾಬ್ ಎರಡು ಹೆಜ್ಜೆ ಹಿಂದೆ ಸರಿದು ಟೆಂಪೋದ ಮರೆಗೆ ಹೋದ. ಆ ಎರಡು ಹೆಜ್ಜೆಗಳನ್ನು ನಾಗಣ್ಣ ಈ ಸಲ ಕಂಡ. ಟವೆಲ್ಲನ್ನು ಬಾಳೆಗಿಡದ ಮೇಲೆ ಎಸೆದು, ನೆಲದ ಮೇಲೆ ಕುಕ್ಕರಿಸಿದ.

"ನಿನ್ನ ಕಾಲ ಮ್ಯಾಲೇ ಬಿತ್ತಂತ ಅಂಜಿಬಿಟ್ಟೆ" ಎಂದ. "ಪೆಟ್ಟಾತೇನು?"

ನಬಿಸಾಬ್ ಮೆಲ್ಲಗೆ ಹೊರಗೆ ಬಂದು ಧಣಿಯ ಮುಖವನ್ನೇ ನೋಡಿದ. "ಇಲ್ರೀ ಧಣೇರ. ನಿಮಗ ಮೈಯಾಗ ಆರಾಮ್ ಅದನಾ?"

"ಅದ, ಅದ. ಹಿಡಿ ಈ ಕಡಿ."

ಇಬ್ಬರೂ ಸೇರಿ ಗೊನೆಗಳನ್ನು ಎತ್ತಿದರು. ಕೊನೆಯದನ್ನು ಇಟ್ಟ ಮೇಲೂ ನಬಿಸಾಬ್ ಅಲ್ಲೇ ನಿಂತಿದ್ದ. ಟೋಪಿ ತೆಗೆದು ಮತ್ತೆ ಹಾಕಿಕೊಂಡ.

"ಒಂದು ಮಾತು ಹೇಳೂದದ್ರೀ. ಎಂಟು ದಿನದಿಂದ ಹೇಳಬೇಕಂತೀನಿ, ಧೈರ್ಯ ಆಗಿಲ್ಲ. ಹಿಂದಿನ ಸಾಲಿನ್ಯಾಗ ನಾಕೈದು ಗಿಡದ ಎಲಿ ಹಳದಿ ತಿರುಗ್ಯಾವ. ಬುಡಕ್ಕ ರೋಗ ಹತ್ತೇದ ಅನ್ನಸ್ತದ."

ಎಂಟು ದಿನ! ನಾಗಣ್ಣನ ಹುಬ್ಬು ಏರಿತು, ಹಾಗೆಯೇ ಇಳಿಯಿತು. ಹಿಂದೆ ಇಂಥ ಎಷ್ಟು ಮಾತುಗಳು ತನ್ನ ಕಿವಿಗೆ ಬರದೆ ಉಳಿದಿರಬಹುದು ಎಂದು ಅವನಿಗೆ ಅನ್ನಿಸಿತು.

"ಬರೀ ನಾಕೈದೇ ಏನು?"

"ಅಷ್ಟೇ ಅವ ರೀ. ಇವತ್ತೇ ಕಿತ್ತು ಸುಟ್ರ ಉಳಿದದ್ದು ಉಳೀತದ."

"ಹಂಗಾದ್ರ ಗುದ್ದಲಿ ತಗೋ, ನಡಿ" ಎಂದ ನಾಗಣ್ಣ. ಇಬ್ಬರೂ ಹಿಂದಿನ ಸಾಲಿನ ಕಡೆ ಹೊರಟರು. ನಬಿಸಾಬ್ ಮುಂದೆ ನಡೆಯುತ್ತ, ಪಂಪಿನ ಪೈಪು ಸೋರುತ್ತಿರುವ ವಿಷಯವನ್ನೂ ಹೇಳತೊಡಗಿದ.